ಸೊಂಟನೋವು: ಬೆನ್ನುಮೂಳೆ ನಿಜವಾಗಿ ಸರಿದಿದೆಯೇ?

ನಾಟಿ, ಕಳೆ ಕೀಳುವುದು, ಕೊಯ್ಲು, ಚೀಲ ಹೊರುವುದು – ಬೇಸಾಯದ ಈ ಕೆಲಸಗಳ ಭಾರವೆಲ್ಲ ಸೊಂಟದ ಮೇಲೆ ಬೀಳುತ್ತದೆ. ನೋವು ಬಂದೊಡನೆ "ಮೂಳೆ ಸರಿದಿದೆ" ಎನ್ನುವುದು ರೂಢಿ. ಇದರಲ್ಲಿ ನಿಜವೆಷ್ಟು ಎಂಬುದನ್ನು ರೈತ ಬಾಂಧವರು ತಿಳಿದಿರಬೇಕು.

ಬೆನ್ನುಮೂಳೆಯ ರಚನೆ

ಬೆನ್ನುಮೂಳೆಯಲ್ಲಿ ಚಲಿಸುವ 24 ಮಣಿಗಳಿವೆ: ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಮಣಿಗಳ ನಡುವೆ ಡಿಸ್ಕ್ ಎಂಬ ಮೆತ್ತನೆಯ ಬಿಲ್ಲೆಗಳಿರುತ್ತವೆ. ಮಣಿಗಳ ಒಳಗೆ ಹಾದುಹೋಗುವ ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಡುತ್ತವೆ.

ಕೈರೊಪ್ರಾಕ್ಟಿಕ್ ವಾದ

1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್ ಪಟ್ಟಣದಲ್ಲಿ ಡಿ.ಡಿ. ಪಾಮರ್ ಎಂಬವರು ಈ ಪದ್ಧತಿಯನ್ನು ಆರಂಭಿಸಿದರು. ಬೆನ್ನಿನ ಕೀಲು ಸರಿದು ನರ ಒತ್ತಿಕೊಂಡರೆ ನಾನಾ ರೋಗಗಳು ಬರುತ್ತವೆ, ಕೈಯಿಂದ ಒತ್ತಿ ಕೀಲು ಕೂಡಿಸಿದರೆ ಗುಣವಾಗುತ್ತವೆ ಎಂಬುದು ಅವರ ವಾದ. ಇದಕ್ಕೆ ಆಧಾರ ದೊರೆತಿಲ್ಲ. ತರಬೇತಿ ಪಡೆದವರ ಕೈಚಿಕಿತ್ಸೆಯಿಂದ ಸೊಂಟನೋವು ಸ್ವಲ್ಪ ಕಡಿಮೆಯಾಗಬಹುದು. ಸಕ್ಕರೆ ಕಾಯಿಲೆಯಾಗಲಿ ಉಬ್ಬಸವಾಗಲಿ ಗುಣವಾಗುವುದಿಲ್ಲ. ಒತ್ತಿದಾಗ ಬರುವ 'ಲಟಕ್' ಶಬ್ದ ಮೂಳೆ ಕೂಡಿದ್ದಲ್ಲ. ಕೀಲಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯದು.

ನೋವಿಗೆ ಕಾರಣ

ಬಹುಪಾಲು ಸೊಂಟನೋವಿನಲ್ಲಿ ಯಾವ ಮೂಳೆಯೂ ಸರಿದಿರುವುದಿಲ್ಲ; ಸ್ನಾಯು, ಕೀಲುಗಳು ದಣಿದು ಉಳುಕಿರುತ್ತವೆ. ಕೆಲವರಲ್ಲಿ ಡಿಸ್ಕ್ ಹಿಂದಕ್ಕೆ ಉಬ್ಬಿ ನರವನ್ನು ಒತ್ತುತ್ತದೆ. ಆಗ ನೋವು ಕಾಲಿಗೂ ಇಳಿಯುತ್ತದೆ. ಬಗ್ಗಿ, ಕೈಚಾಚಿ ಭಾರ ಎತ್ತುವುದೆಂದರೆ ಏತದ ಉದ್ದ ತುದಿಯ ಭಾರವನ್ನು ಗಿಡ್ಡ ತುದಿಯಿಂದ ಎತ್ತಿದಂತೆ. ಭಾರ ದೇಹದಿಂದ ದೂರವಾದಷ್ಟೂ ಸೊಂಟದ ಮೇಲಿನ ಒತ್ತಡ ಹಲವು ಪಟ್ಟು ಹೆಚ್ಚುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಯೂರಿಯಾ ಚೀಲ 45 ಕಿಲೋ ತೂಗುತ್ತದೆ. ಇಬ್ಬರು ಸೇರಿ ಎತ್ತಿರಿ. ಮಂಡಿ ಬಗ್ಗಿಸಿ, ಚೀಲವನ್ನು ಮೈಗೆ ಒತ್ತಿ ಹಿಡಿಯಿರಿ. ತಿರುಗುವಾಗ ಸೊಂಟ ತಿರುಚದೆ ಹೆಜ್ಜೆಯನ್ನೇ ತಿರುಗಿಸಿ.
2. ನಾಟಿ ಮಾಡುವವರು ಆಗಾಗ್ಗೆ ನೆಟ್ಟಗೆ ನಿಂತು ಬೆನ್ನು ಸಡಿಲಿಸಬೇಕು.
3. ಭತ್ತವನ್ನು ಸಾಲಿನಲ್ಲಿ ನೆಟ್ಟರೆ ಕೋನೋವೀಡರ್‌ನಿಂದ ನಿಂತೇ ಕಳೆ ತೆಗೆಯಬಹುದು. ಇತರ ಸಲಕರಣೆಗಳಿಗೂ ನಿಮ್ಮ ಎತ್ತರಕ್ಕೆ ತಕ್ಕ ಉದ್ದನೆಯ ಹಿಡಿ ಹಾಕಿಸಿ.
4. ನೋವು ಬಂದಾಗ ದಿನಗಟ್ಟಲೆ ಮಲಗಬೇಡಿ. ಆದಷ್ಟು ನಡೆದಾಡಿ.

ಎಚ್ಚರಿಕೆ

ಕಾಲಿನಲ್ಲಿ ಶಕ್ತಿ ಕುಂದಿದರೆ, ಆಸನದ ಭಾಗ ಜೋಮು ಹಿಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರದೊಡನೆ ಬೆನ್ನು ನೋಯುತ್ತಿದ್ದರೆ ಅಥವಾ ಮರದಿಂದ ಬಿದ್ದಿದ್ದರೆ ಬೆನ್ನನ್ನು ಯಾರಿಂದಲೂ ಒತ್ತಿಸಬೇಡಿ, ತುಳಿಸಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ತಡಮಾಡಿದರೆ ಕಾಲಿನ ಸ್ವಾಧೀನವೇ ಹೋಗಬಹುದು.

ಎತ್ತಿನ ಹೆಗಲು ಹುಣ್ಣಾದರೆ ನೊಗವನ್ನು ಸರಿಪಡಿಸುತ್ತೇವೆ. ನಮ್ಮ ಬೆನ್ನು ನೊಂದಾಗಲೂ ಕೆಲಸದ ರೀತಿಯನ್ನು ಮೊದಲು ಸರಿಪಡಿಸಿಕೊಳ್ಳಬೇಕು.