ಪೇಪರ್ ಹಾಕಿಹೋದ ಹಿಮನದಿ

2020ರ ಬೇಸಿಗೆ. ಫ್ರಾನ್ಸಿನ ಶಾಮೊನಿ ಕಣಿವೆ. ಮಾಂಟ್ ಬ್ಲಾಂಕ್ ಶಿಖರದಿಂದ ಇಳಿದುಬರುವ ಬೊಸೋಂ ಹಿಮನದಿಯ ಹತ್ತಿರ ಒಂದು ಪುಟ್ಟ ಹೋಟೆಲು. ಅದರ ಯಜಮಾನ ಹಿಮ ಕರಗುತ್ತಿದ್ದ ಕಡೆ ಓಡಾಡುತ್ತಿದ್ದಾಗ ಒದ್ದೆ ಕಾಗದದ ಕಂತೆಯೊಂದು ಕಣ್ಣಿಗೆ ಬಿತ್ತು. ಎತ್ತಿ ನೋಡಿದರೆ ದಿನಪತ್ರಿಕೆ! ಫ್ರಾನ್ಸಿನದಲ್ಲ, ಭಾರತದ್ದು. ಮೊನ್ನೆಯದಲ್ಲ, 1966ರ ಜನವರಿಯದು! ಇಂದಿರಾ ಗಾಂಧಿ ದೇಶದ ಮೊದಲ ಮಹಿಳಾ ಪ್ರಧಾನಿಯಾದ ಸುದ್ದಿ ಇನ್ನೂ ಓದುವ ಹಾಗೆ ಉಳಿದಿತ್ತು. ಅವನು ಆ ಪತ್ರಿಕೆಗಳನ್ನೆಲ್ಲ ಒಂದೊಂದಾಗಿ ಹರವಿ ಒಣಗಲು ಇಟ್ಟ.

ಈ ಕಥೆಯನ್ನು ಮಕ್ಕಳಿಗೆ ಹೇಳುವವರು ಇಲ್ಲಿ ನಿಲ್ಲಿಸಬೇಕು. ನಿಲ್ಲಿಸಿ, ಅಲ್ಲಿ ಪೇಪರ್ ಹಾಕಿದ್ದು ಯಾರು ಅಂತ ಕೇಳಬೇಕು. ಹೆಲಿಕಾಪ್ಟರ್ ಅನ್ನುತ್ತಾರೆ, ಹದ್ದು ಅನ್ನುತ್ತಾರೆ, ಕಳ್ಳ ಅನ್ನುತ್ತಾರೆ. ಅನ್ನಲಿ. ಉತ್ತರವನ್ನು ತಡೆದು ಹೇಳಿದಷ್ಟೂ ಚೆನ್ನ.

1966ರ ಜನವರಿ 24ರಂದು ಮುಂಬಯಿಯಿಂದ ಹೊರಟಿದ್ದ ಏರ್ ಇಂಡಿಯಾದ ಬೋಯಿಂಗ್ 707 ವಿಮಾನ ಮಾಂಟ್ ಬ್ಲಾಂಕ್‌ನ ನೆತ್ತಿಯ ಹತ್ತಿರ ಅಪ್ಪಳಿಸಿತು. ಆ ವಿಮಾನದ ಹೆಸರೇ ಕಾಂಚನಜುಂಗಾ. ಒಂದು ಹಿಮಶಿಖರದ ಹೆಸರು ಹೊತ್ತು ಇನ್ನೊಂದು ಹಿಮಶಿಖರಕ್ಕೆ ಬಡಿಯಿತು. ಅದರಲ್ಲಿದ್ದ 117 ಮಂದಿಯೂ ತೀರಿಕೊಂಡರು. ಅವರಲ್ಲಿ ಹೋಮಿ ಭಾಭಾ ಒಬ್ಬರು, ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ವಿಶ್ವಕಿರಣಗಳನ್ನು ಅಭ್ಯಾಸ ಮಾಡಿದವರು. ಚೂರಾದ ವಿಮಾನದ ಮೇಲೆ ಹಿಮ ಬಿತ್ತು, ಮತ್ತೆ ಬಿತ್ತು, ಮುಚ್ಚಿಹೋಯಿತು. ಆಮೇಲೆ ಆ ಹಿಮವೇ ಅದನ್ನೆಲ್ಲ ಒಡಲಲ್ಲಿಟ್ಟುಕೊಂಡು ಮೆಲ್ಲಗೆ, ಯಾರಿಗೂ ಕಾಣದಂತೆ, ಬೆಟ್ಟ ಇಳಿಯತೊಡಗಿತು! 2012ರಲ್ಲಿ ರಾಜತಾಂತ್ರಿಕ ಟಪಾಲು ಚೀಲವನ್ನು ಹೊರಗೆ ಹಾಕಿತು. 2013ರಲ್ಲಿ ಪಚ್ಚೆ, ನೀಲಮಣಿ ತುಂಬಿದ ಪೆಟ್ಟಿಗೆ ಒಬ್ಬ ಪರ್ವತಾರೋಹಿಗೆ ಸಿಕ್ಕಿತು, ಅವನು ಅದನ್ನು ನೇರವಾಗಿ ಪೊಲೀಸರಿಗೆ ಒಪ್ಪಿಸಿದ. ಪೇಪರ್ ಬರಲು 54 ವರ್ಷ ಹಿಡಿಯಿತು.

ಮಂಜುಗಡ್ಡೆ ನಡೆಯುತ್ತದೆ! ಹಿಮ ಅಂದರೆ ಫ್ರಿಜ್ಜಿನ ಗೋಡೆಗೆ ಅಂಟಿಕೊಂಡಿರುವುದು ಎಂದಷ್ಟೇ ಗೊತ್ತಿರುವ ನಮ್ಮೂರ ಮಕ್ಕಳಿಗೆ ಮೊದಲು ದಾಟಿಸಬೇಕಾದದ್ದು ಇದನ್ನು. ನಾವು ದೊಡ್ಡವರು ಹಿಮನದಿ ಎಂದೊಡನೆ ಕರಗುತ್ತಿದೆ, ಹೋಯಿತು, ಮುಗಿಯಿತು ಎಂದು ಶುರುಮಾಡುತ್ತೇವೆ. ಕರಗುತ್ತಿರುವುದು ನಿಜ. ಆದರೆ ಮಗು ಇನ್ನೂ ಪರಿಚಯವೇ ಆಗದವರ ಸಾವಿಗೆ ಅಳುವುದು ಹೇಗೆ? ಮೊದಲು ಬೆರಗಾಗಲಿ.

ಹಿಮದ ಈ ನಡಿಗೆಯನ್ನು ಲೆಕ್ಕ ಹಾಕಿ ಮುಂಚಿತವಾಗಿಯೇ ಹೇಳಿದ ಭೂಪನೊಬ್ಬನಿದ್ದ. 1820ರಲ್ಲಿ ಇದೇ ಮಾಂಟ್ ಬ್ಲಾಂಕ್ ಏರುತ್ತಿದ್ದ ತಂಡದ ಮೂವರು ಮಾರ್ಗದರ್ಶಿಗಳು ಹಿಮಕುಸಿತಕ್ಕೆ ಸಿಕ್ಕಿ ಬಿರುಕಿನೊಳಗೆ ಬಿದ್ದು ಕಾಣೆಯಾದರು. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಫೋರ್ಬ್ಸ್ ಹಿಮನದಿಗಳ ವೇಗ ಅಳೆಯುತ್ತಿದ್ದವನು; ಸುಮಾರು ನಲವತ್ತು ವರ್ಷಕ್ಕೆ ಅವರು ಕೆಳಗೆ ಬರುತ್ತಾರೆ ಎಂದ. 1861ರಲ್ಲಿ ಬಂದರು! ಅವರ ಸಾಮಾನು, ಬಟ್ಟೆ, ದೇಹದ ಅವಶೇಷಗಳು ಬೊಸೋಂ ಹಿಮನದಿಯ ಕೆಳತುದಿಯಲ್ಲಿ ಒಂದೊಂದಾಗಿ ಹೊರಬಿದ್ದವು. ಮಕ್ಕಳಿಗೆ ಈ ಭಾಗ ಹೇಳಬೇಕೋ ಬೇಡವೋ ಎಂದು ದೊಡ್ಡವರು ಹಿಂಜರಿಯುತ್ತಾರೆ. ಮಕ್ಕಳು ಹಿಂಜರಿಯುವುದಿಲ್ಲ, ಇನ್ನೊಮ್ಮೆ ಹೇಳಿ ಎನ್ನುತ್ತಾರೆ.

ಗಟ್ಟಿ ವಸ್ತು ಹರಿಯುವುದೆಂತು? ಮನೆಯಲ್ಲೇ ತೋರಿಸಬಹುದು. ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಇಳಿಜಾರಾಗಿ ಇಡಿ. ಮೇಲ್ತುದಿಯಲ್ಲಿ ಮಕ್ಕಳು ಆಡುವ ಸ್ಲೈಮ್ ಮುದ್ದೆ ಹಾಕಿ, ಅದರ ಮೇಲೆ ಈ ಅಂಚಿನಿಂದ ಆ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಸ್ಲೈಮ್ ಜಾರುತ್ತ ಬಂದಂತೆ ಗೆರೆ ಬಾಗುತ್ತದೆ: ನಡುಭಾಗ ಮುಂದೆ, ಅಂಚುಗಳು ಹಿಂದೆ. 1874ರಿಂದ ಸ್ವಿಟ್ಜರ್ಲೆಂಡಿನ ರೋನ್ ಹಿಮನದಿಯ ಮೇಲೆ ವಿಜ್ಞಾನಿಗಳು ಮಾಡಿದ್ದೂ ಇದನ್ನೇ. ಬಣ್ಣ ಬಳಿದ ಕಲ್ಲುಗಳನ್ನು ಅಡ್ಡಕ್ಕೆ ನೇರ ಸಾಲಿನಲ್ಲಿ ಜೋಡಿಸಿದರು. ವರ್ಷ ವರ್ಷ ಹೋಗಿ ನೋಡಿದರು. ನೇರ ಸಾಲು ಬಿಲ್ಲಾಗಿತ್ತು!

ಇಷ್ಟೆಲ್ಲ ನಡೆಸುವ ಶಕ್ತಿ ಹಿಮದ ಸ್ವಂತ ಭಾರದ್ದು. ಈ ವರ್ಷದ ಹಿಮ ಕರಗಿ ಮುಗಿಯುವ ಮುಂಚೆ ಮುಂದಿನ ವರ್ಷದ್ದು ಬೀಳುತ್ತದೆ, ಅಡಿಯದ್ದು ಒತ್ತಿಹೋಗಿ ಗಡುಸಾಗುತ್ತದೆ, ಪದರಗಳ ನಡುವಿನ ಗಾಳಿ ಗುಳ್ಳೆಗಳಾಗಿ ಒಳಗೇ ಸೆರೆಯಾಗುತ್ತದೆ. ಹತ್ತಾರು ಮೀಟರ್ ದಪ್ಪಗಾದ ಮೇಲೆ ಅಡಿಯ ಹಿಮ ತನ್ನ ಮೇಲಿನ ಹೊರೆಗೆ ಬಾಗಿ, ಬಳುಕಿ, ಇಳಿಜಾರಿನತ್ತ ಹರಿಯುತ್ತದೆ. ಬಿಳಿ ಬೆಳಕಿನ ಕೆಂಪನ್ನು ದಪ್ಪ ಹಿಮ ಹೀರಿಕೊಳ್ಳುವುದರಿಂದ ಅದರ ಒಡಲು ನೀಲಿ. ಇನ್ನು ಆ ಗುಳ್ಳೆಗಳು! ಅಂಟಾರ್ಕ್ಟಿಕದಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಕೊರೆದು ತೆಗೆದ ಹಿಮದ ಕಂಬಗಳಲ್ಲಿ 8 ಲಕ್ಷ ವರ್ಷ ಹಿಂದಿನ ಗಾಳಿ ಸಿಕ್ಕಿದೆ. ಹಿಮ ಕರಗಿದಾಗ ಅದು ಟಪ್ಪೆಂದು ಸಿಡಿದು ಹೊರಬರುತ್ತದೆ.

ಒಳಗೆ ಏನಿದೆ ಎಂದು ಇಳಿದೇ ನೋಡಿದವನು ಲೂಯಿ ಅಗಾಸಿ. ಹಿಂದೊಮ್ಮೆ ಹಿಮಯುಗವೊಂದಿತ್ತು ಎಂದು ಜಗತ್ತನ್ನು ನಂಬಿಸಿದ ಈ ಸ್ವಿಸ್ ವಿಜ್ಞಾನಿ 1840ರ ಸುಮಾರಿಗೆ ಉಂಟರಾರ್ ಹಿಮನದಿಯ ಮೇಲೆ ದೊಡ್ಡ ಬಂಡೆಯೊಂದರ ಮರೆಯಲ್ಲಿ ಬಿಡಾರ ಹೂಡಿದ್ದ. ಒಂದು ದಿನ ಹಲಗೆಯೊಂದನ್ನು ಹಗ್ಗಕ್ಕೆ ಕಟ್ಟಿಸಿ, ಅದರ ಮೇಲೆ ಕೂತು, ಹಿಮದೊಳಗಿನ ಬಾವಿಗೆ ಇಳಿದ. ಗೆಳೆಯನೊಬ್ಬ ಮೇಲೆ ಬೋರಲು ಮಲಗಿ ಅವನ ಕೂಗಿಗೆ ಕಿವಿಗೊಟ್ಟಿದ್ದ. ಸುತ್ತಲ ನೀಲಿ ಗೋಡೆ ನೋಡುತ್ತ ಮೈಮರೆತು ನೂರಡಿಗೂ ಕೆಳಗೆ ಹೋದವನ ಕಾಲು ಕೊರೆಯುವ ನೀರಿಗೆ ತಾಗಿತು! ಮೇಲಕ್ಕೆಳೆಯಿರಿ ಎಂದು ಕಿರುಚಿದ. ಈ ಅವಿವೇಕ ನನಗೆ ಬಹಳ ಇಷ್ಟ.

ಅಲ್ಲಿ ಜೀವವೂ ಇದೆ. ಅಲಾಸ್ಕದಿಂದ ಒರೆಗಾನ್‌ವರೆಗಿನ ಹಿಮನದಿಗಳಲ್ಲಿ ದಾರದೆಳೆಯಂಥ ಕರಿ ಹುಳುಗಳು ಸಂಜೆಯಾದೊಡನೆ ಹಿಮದೊಳಗಿನಿಂದ ಮೇಲೆ ಬಂದು ಪಾಚಿ ಮೇಯುತ್ತವೆ. ಕೊಂಚ ಬೆಚ್ಚಗಾದರೂ ಸತ್ತುಹೋಗುತ್ತವೆ. ಅಂಟಾರ್ಕ್ಟಿಕದ ಟೇಲರ್ ಹಿಮನದಿಯ ಅಂಚಿನಿಂದ ರಕ್ತದಂಥ ಕೆಂಪು ನೀರು ಸುರಿಯುತ್ತದೆ. ಕಬ್ಬಿಣ ತುಂಬಿದ ಉಪ್ಪುನೀರು ಅದು, ಗಾಳಿ ಸೋಕಿದೊಡನೆ ಕೆಂಪಾಗುತ್ತದೆ.

ನೋಡಲು ಎಲ್ಲಿಗೆ ಹೋಗಬೇಕು? ಶಾಮೊನಿಯಲ್ಲೇ, ಹಲ್ಲುಹಳಿಯ ಪುಟ್ಟ ರೈಲು ಹತ್ತಿ ಮೆರ್ ದ ಗ್ಲಾಸ್ ಎಂಬ ಹಿಮನದಿಗೆ ಹೋಗಬಹುದು. ಅದರೊಳಗೆ ಜನ ಓಡಾಡಲೆಂದು ಒಂದು ಗುಹೆ ಕೊರೆಯುತ್ತಾರೆ. ಹಿಮ ನಡೆಯುವುದರಿಂದ ಗುಹೆಯೂ ನಡೆದುಹೋಗುತ್ತದೆ, ಹಾಗಾಗಿ ಮತ್ತೆ ಮತ್ತೆ ಹೊಸದಾಗಿ ಕೊರೆಯಬೇಕು! ಗುಹೆಗೆ ಇಳಿಯುತ್ತಿದ್ದ ಹಳೆಯ ಮೆಟ್ಟಿಲುಗಳ ಪಕ್ಕ ಇಂಥ ಇಸವಿಯಲ್ಲಿ ಹಿಮ ಇಲ್ಲಿಯವರೆಗೆ ಇತ್ತು ಎಂಬ ಫಲಕಗಳಿದ್ದವು. 1990ರ ಫಲಕ ದಾಟಿದ ಮೇಲೂ ಇಳಿಯುವುದು ಮುಗಿಯುತ್ತಿರಲಿಲ್ಲ. ಅಪ್ಪ ಅಮ್ಮನ ಬಾಲ್ಯದಿಂದ ತನ್ನ ಬಾಲ್ಯಕ್ಕೆ ಎಷ್ಟು ಮೆಟ್ಟಿಲು ಎಂದು ಮಗು ಕಾಲಿನಲ್ಲೇ ಎಣಿಸಿಬಿಡುತ್ತಿತ್ತು, ಕರಗುವ ವಿಷಯದಲ್ಲಿ ನಾವು ಬೇರೆ ಪಾಠ ಮಾಡಬೇಕಿರಲಿಲ್ಲ. ನಮಗಂತೂ ಗೋಮುಖವೇ ಇದೆ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿ ಹಿಮನದಿಯ ಬಾಯಿಂದ ಭಾಗೀರಥಿ ಬೂದು ಬಣ್ಣಕ್ಕೆ ಹೊರಗೆ ನುಗ್ಗುತ್ತದೆ. ಅದು ಕೊಳೆಯಲ್ಲ, ಹಿಮ ಅರೆದು ನುಣ್ಣಗೆ ಮಾಡಿದ ಬೆಟ್ಟದ ಹುಡಿ.

ಅರೆಯುವುದನ್ನೂ ಮನೆಯಲ್ಲಿ ನೋಡಬಹುದು. ಲೋಟದ ತಳಕ್ಕೆ ಮರಳು, ಸಣ್ಣ ಜಲ್ಲಿ ಹಾಕಿ ನೀರು ತುಂಬಿ ಫ್ರೀಜರಿನಲ್ಲಿಡಿ. ಗಟ್ಟಿಯಾದ ಮೇಲೆ ಹೊರತೆಗೆದು, ಕಲ್ಲಿನ ಮೈ ಕೆಳಗೆ ಮಾಡಿ ಬಟ್ಟೆ ಸೋಪಿನ ಮೇಲೆ ಒಂದೇ ದಿಕ್ಕಿಗೆ ಒತ್ತಿ ಎಳೆಯಿರಿ. ಸೋಪಿನ ಮೇಲೆ ಸಾಲು ಸಾಲು ಗೀರು ಬೀಳುತ್ತವೆ. ಇಂಥವೇ ಗೀರುಗಳು ಬಂಡೆಯ ಮೇಲೆ ಮೂಡಿರುವ ಜಾಗ ಮಹಾರಾಷ್ಟ್ರದಲ್ಲಿದೆ, ಅದೂ ಉರಿಬಿಸಿಲಿಗೆ ದೇಶಕ್ಕೇ ಹೆಸರಾದ ಚಂದ್ರಪುರ ಜಿಲ್ಲೆಯಲ್ಲಿ! ಇರಾಯ್ ಎಂಬ ಊರಿನ ಬಳಿ ಭೂವಿಜ್ಞಾನಿಗಳು ಇದನ್ನು 19ನೇ ಶತಮಾನದಲ್ಲೇ ಗುರುತಿಸಿದರು. ಸುಮಾರು 30 ಕೋಟಿ ವರ್ಷಗಳ ಹಿಂದೆ ನಮ್ಮ ನೆಲ ಅಂಟಾರ್ಕ್ಟಿಕ, ಆಫ್ರಿಕ, ಆಸ್ಟ್ರೇಲಿಯಗಳಿಗೆ ಅಂಟಿಕೊಂಡು ದಕ್ಷಿಣ ಧ್ರುವದ ಕಡೆ ಇದ್ದಾಗ ಹಿಮ ತನ್ನ ಅಡಿಯ ಕಲ್ಲುಗಳಿಂದ ಗೀಚಿಹೋದದ್ದು ಅದು. ಹಿಮಾಲಯ ಆಗ ಹುಟ್ಟಿಯೇ ಇರಲಿಲ್ಲ.

ಬೆಂಗಳೂರಿನಿಂದ ದೆಹಲಿಗೆ ಹೋಗುವ ರಾಜಧಾನಿ ರೈಲು ಆ ಜಿಲ್ಲೆಯ ಬಲ್ಲಾರಶಾಹ ದಾಟಿಯೇ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಹೋಗುತ್ತಿದ್ದರೆ ನಿಲ್ದಾಣ ಬಂದಾಗ ಮಕ್ಕಳನ್ನು ಎಬ್ಬಿಸಿ, ನಾವೀಗ ಹಿಮನದಿ ಹಾದುಹೋದ ನಾಡಿನಲ್ಲಿದ್ದೇವೆ ಅನ್ನಿ. ಹೊರಗೆ 45 ಡಿಗ್ರಿ ಬಿಸಿಲಿದ್ದರೆ ಇನ್ನೂ ಒಳ್ಳೆಯದು. ಮಕ್ಕಳು ನಂಬುವುದಿಲ್ಲ, ಆಗ ಬ್ಯಾಗಿನಿಂದ ಆ ಸೋಪು ತೆಗೆಯಿರಿ.