ಈಜುವ ಮೀನಿನ ಶ್ರಮವನ್ನು ಅಳೆಯುವುದು ಹೇಗೆ?

ಹಳೇಬೀಡಿನ ದ್ವಾರಸಮುದ್ರ ಕೆರೆಯದು ನಿಂತ ನೀರು. ಸಮೀಪದ ಬೇಲೂರಿನ ಯಗಚಿಯದು ಹರಿಯುವ ನೀರು. ಎರಡು ಕಡೆಯೂ ಒಂದೊಂದು ಮೀನು ಕದಲದೆ ನಿಂತಿದೆ ಎಂದು ಭಾವಿಸೋಣ. ದಡದಿಂದ ನೋಡುವವರಿಗೆ ಎರಡರ ವೇಗವೂ ಸೊನ್ನೆ. ಆದರೆ ಯಗಚಿಯ ಪ್ರವಾಹವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ, ಅಲ್ಲಿನ ಮೀನು ನಿಂತಲ್ಲೇ ನಿಲ್ಲಲು ಅಷ್ಟೇ ವೇಗದಲ್ಲಿ ಎದುರು ಈಜುತ್ತಿರಬೇಕು. ಮೀನು ಎಲ್ಲಿದೆ ಎಂದು ತಿಳಿದ ಮಾತ್ರಕ್ಕೆ ಅದು ಎಷ್ಟು ಶ್ರಮಿಸುತ್ತಿದೆ ಎಂದು ತಿಳಿಯುವುದಿಲ್ಲ. ಶ್ರಮವನ್ನು ತಿಳಿಯಲು ಸ್ನಾಯುವನ್ನೇ ಕೇಳಬೇಕು.

ಸ್ನಾಯು ಸಂಕುಚಿಸಿದಾಗಲೆಲ್ಲ ಅದರಲ್ಲಿ ಅತ್ಯಲ್ಪ ವಿದ್ಯುತ್ ವಿಭವ ಉಂಟಾಗುತ್ತದೆ. ಇದರ ದಾಖಲೆಯೇ ಎಲೆಕ್ಟ್ರೊಮಯೋಗ್ರಾಮ್. ಮೀನಿನಲ್ಲಿ ಎಡೆಬಿಡದ ಈಜಿಗೆ ಬಳಕೆಯಾಗುವುದು ಪಕ್ಕೆಯ ಚರ್ಮದಡಿ ಇರುವ ಕೆಂಪು ಸ್ನಾಯು. ಲವಂಗದ ಎಣ್ಣೆಯಂಥ ಅರಿವಳಿಕೆ ನೀಡಿ, ಈ ಸ್ನಾಯುವಿನಲ್ಲಿ ಸುಮಾರು 1 ಸೆಂಟಿಮೀಟರ್ ಅಂತರದಲ್ಲಿ ಎರಡು ಸಣ್ಣ ವಿದ್ಯುದಗ್ರಗಳನ್ನು ನೆಡುತ್ತಾರೆ. ಅವಕ್ಕೆ ಜೋಡಿಸಿದ ಪ್ರೇಷಕವನ್ನು ಉದರದಲ್ಲಿಟ್ಟು ಹೊಲಿಯುತ್ತಾರೆ. ಪ್ರೇಷಕದ ತೂಕ ಮೀನಿನ ತೂಕದ ಶೇ. 2ನ್ನು ಮೀರಬಾರದೆಂಬುದು ರೂಢಿಯ ನಿಯಮ. 16 ಗ್ರಾಂ ಪ್ರೇಷಕಕ್ಕೆ ಕನಿಷ್ಠ 800 ಗ್ರಾಂ ಮೀನು ಬೇಕು.

ಸ್ನಾಯುವಿನ ವಿಭವ ಧನ-ಋಣವಾಗಿ ಏರಿಳಿಯುವುದರಿಂದ ಅದರ ಸರಾಸರಿ ಸೊನ್ನೆಗೆ ಸಮೀಪ. ಆದ್ದರಿಂದ ಮೊದಲು ಅದನ್ನು ಏಕಮುಖಗೊಳಿಸಿ, ನಂತರ ಕೂಡಿಸುತ್ತಾ ಹೋಗಬೇಕು. ಒಂದು ಬಗೆಯ ಪ್ರೇಷಕದಲ್ಲಿ ಈ ಮೊತ್ತ ನಿಗದಿತ ಮಟ್ಟ ಮುಟ್ಟಿದೊಡನೆ ಒಂದು ರೇಡಿಯೋ ಮಿಡಿತ ಹೊರಡುತ್ತದೆ. ನಲ್ಲಿ ಜೋರಾಗಿ ಸುರಿದರೆ ಕೊಡ ಬೇಗ ತುಂಬುವಂತೆ, ಶ್ರಮ ಹೆಚ್ಚಿದಷ್ಟೂ ಮಿಡಿತಗಳ ನಡುವಣ ಕಾಲ ಕಡಿಮೆಯಾಗುತ್ತದೆ. ಆದರೆ ಮಿಡಿತವೇ ವೇಗವಲ್ಲ. ಪ್ರತಿಯೊಂದು ಮೀನನ್ನೂ ಮೊದಲು ಪ್ರಯೋಗಾಲಯದ ಈಜು ಕೊಳವೆಯಲ್ಲಿ ತಿಳಿದ ವೇಗಗಳಲ್ಲಿ ಈಜಿಸಿ, ವೇಗಕ್ಕೂ ಮಿಡಿತಕ್ಕೂ ಇರುವ ಸಂಬಂಧದ ನಕ್ಷೆ ಎಳೆದುಕೊಳ್ಳಬೇಕು.

ಸಿಹಿನೀರಿನಲ್ಲಿ 150 ಮೆಗಾಹರ್ಟ್ಸ್ ತರಂಗದ ಪಾರ ಸುಮಾರು ಎರಡೂವರೆ ಮೀಟರ್ ಸಾಗುವಷ್ಟರಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ಕರಗಿದ ಲವಣ ಹೆಚ್ಚಿದ್ದರೆ ಇನ್ನೂ ಬೇಗ. ಸಮುದ್ರದಲ್ಲಿ ಇಷ್ಟು ಇಳಿಯಲು ಸುಮಾರು 2 ಸೆಂಟಿಮೀಟರ್ ಸಾಕು! ಹಾಗಾಗಿ ಈ ವಿಧಾನ ಆಳವಿಲ್ಲದ ನದಿಗಳಿಗೆ ತಕ್ಕುದು.

ಇಷ್ಟೆಲ್ಲ ಏಕೆ? ಈಜಲು ಬೇಕಾದ ಸಾಮರ್ಥ್ಯ ಸ್ಥೂಲವಾಗಿ ವೇಗದ ಘನಕ್ಕೆ ಅನುಪಾತದಲ್ಲಿದೆ. ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಮಡಿ. ಸೆಕೆಂಡಿಗೆ 1 ಮೀಟರ್ ಪ್ರವಾಹಕ್ಕೆ ಎದುರಾಗಿ ನಿಗದಿತ ದೂರ ಕ್ರಮಿಸಲು ತಗಲುವ ಶಕ್ತಿ, v ಈಜುವೇಗವಾದರೆ, v³/(v−1) ಎಂಬುದಕ್ಕೆ ಅನುಪಾತದಲ್ಲಿರುತ್ತದೆ. v = 1.2 ಆದರೆ ಇದರ ಬೆಲೆ 8.64; 1.5 ಆದರೆ 6.75, 2 ಆದರೆ 8. ವಿಶ್ರಾಂತಿಯ ವೇಳೆಯ ಶಕ್ತಿವ್ಯಯವನ್ನು ಬಿಟ್ಟರೆ, ಪ್ರವಾಹದ ಒಂದೂವರೆ ಪಟ್ಟು ವೇಗವೇ ಅತಿ ಮಿತವ್ಯಯದ್ದು. ವಿದ್ಯಾರ್ಥಿಗಳು ಇದನ್ನು ಕಲನಶಾಸ್ತ್ರದಿಂದ ಸಾಧಿಸಿ ನೋಡಬಹುದು.

ಮೀನು ಈ ಲೆಕ್ಕದಂತೆ ನಡೆಯುತ್ತದೆಯೇ? ಕೆನಡಾದ ಫ್ರೇಸರ್ ನದಿಯ ಹೆಲ್ಸ್ ಗೇಟ್ ಕಂದರದಲ್ಲಿ 1914ರ ಬಂಡೆಕುಸಿತದಿಂದ ಪ್ರವಾಹ ಬಿರುಸಾಗಿ ಸಾಲ್ಮನ್ ಮೀನುಗಳ ದಾರಿ ಕಷ್ಟವಾಯಿತು. 1940ರ ದಶಕದಲ್ಲಿ ಅಲ್ಲಿ ಮೀನುದಾರಿಗಳನ್ನು ಕಟ್ಟಲಾಯಿತು. ಹಿಂಚ್ ಮತ್ತು ಬ್ರ್ಯಾಟಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಪ್ರೇಷಕ ಹೊತ್ತ ಸಾಲ್ಮನ್‌ಗಳನ್ನು ಇಲ್ಲಿ ಗಮನಿಸಿದ್ದರು. ಕಂದರ ದಾಟಲಾರದೆ ಸೋತವು ನಿಧಾನವಾಗಿ ಈಜಿದವಲ್ಲ. ತಾಳಿಕೆಯ ಮಿತಿ ಮೀರಿದ ವೇಗದಲ್ಲಿ ಬಹಳ ಹೊತ್ತು ಈಜಿ ದಣಿದವು. ಒಂದು ಎಚ್ಚರಿಕೆ: ಹಠಾತ್ ನೆಗೆತಗಳಲ್ಲಿ ಬಿಳಿ ಸ್ನಾಯುವೂ ಕೆಲಸ ಮಾಡುತ್ತದೆ; ಆಗ ಕೆಂಪು ಸ್ನಾಯುವಿನ ಅಳತೆಯೊಂದೇ ಪೂರ್ಣ ಚಿತ್ರ ಕೊಡದು.

ಯಗಚಿ ಹೇಮಾವತಿಯನ್ನು ಸೇರುತ್ತದೆ, ಹೇಮಾವತಿ ಕಾವೇರಿಯನ್ನು. ಬೇಲೂರಿನ ಬಳಿ ಯಗಚಿಗೂ, ಗೊರೂರಿನಲ್ಲಿ ಹೇಮಾವತಿಗೂ ಅಣೆಕಟ್ಟುಗಳಿವೆ. ಮೊಟ್ಟೆಯಿಡಲು ನದಿಯ ಮೇಲ್ಭಾಗಕ್ಕೆ ಸಾಗುವ ಮಹಶೀರ್ ಜಾತಿಗಳು ಕಾವೇರಿ ಕೊಳ್ಳದಲ್ಲಿವೆ. ಅವುಗಳಲ್ಲಿ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಮೀನುದಾರಿಯೊಂದನ್ನು ರೂಪಿಸುವಾಗ ಎತ್ತರ ಮತ್ತು ನೀರಿನ ವೇಗದ ಅಂಕಿಗಳನ್ನು ಎಂಜಿನಿಯರರು ಕೊಡಬಲ್ಲರು. ಆ ವೇಗವನ್ನು ಎಷ್ಟು ಹೊತ್ತು ತಾಳಬಹುದು ಎಂಬ ಅಂಕಿಯನ್ನು ಮಾತ್ರ ಮೀನೇ ಕೊಡಬೇಕು.