ರಜಾಕಾರರೂ ಗಡಿಯ ಪ್ರಶ್ನೆಯೂ

ನೆರೆನಾಡಿಗೆ ನುಗ್ಗುವ ದಂಡನ್ನು ಹತ್ತಿಕ್ಕೆಂದು ಒಂದು ಸರ್ಕಾರವನ್ನು ಒತ್ತಾಯಿಸುವ ಪ್ರಸಂಗ ಹೈದರಾಬಾದಿಗೆ ಹೊಸದಲ್ಲ. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ಬಳಿಕವೂ ಕಾಸಿಂ ರಜವಿಯ ರಜಾಕಾರರ ಹಾವಳಿ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳನ್ನು ಕಾಡಿ ಗಡಿಯಾಚೆಗೂ ಚಾಚಿತು. ದಳವನ್ನು ವಿಸರ್ಜಿಸಬೇಕೆಂದು ದಿಲ್ಲಿ ಕೇಳಿತು. ತನ್ನ ಠಾಣೆಗಳ ಮೇಲೆಯೇ ಆಚೆಯಿಂದ ದಾಳಿಯಾಗುತ್ತಿದೆಯೆಂದು ನಿಜಾಮ ಸರ್ಕಾರ ಮರುನುಡಿಯಿತು. ಈ ದೂರು ಪೂರ್ಣ ಸುಳ್ಳಲ್ಲ. ಮುಂಡರಗಿಯಂಥ ಶಿಬಿರಗಳಿಂದ ಹೋರಾಟಗಾರರು ಠಾಣೆಗಳಿಗೆ ನುಗ್ಗಿದ್ದುಂಟು. ಆದರೆ ಪ್ರಜೆಗಳನ್ನು ಸುಲಿಯುವ ದಳಕ್ಕೆ ಅದು ಸಮರ್ಥನೆಯಾಗದು.

1948ರ ಆಗಸ್ಟ್ 21ರಂದು ನಿಜಾಮ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಸಮಿತಿಗೆ ಮೊರೆಹೊಕ್ಕಿತು. ಸಮಿತಿ ಪ್ಯಾರಿಸ್ಸಿನಲ್ಲಿ ಅದನ್ನು ಕೈಗೆತ್ತಿಕೊಂಡದ್ದು ಸೆಪ್ಟೆಂಬರ್ 16ರಂದು. ಭಾರತದ ಸೇನೆ 13ರಂದೇ ಒಳಹೊಕ್ಕಿತ್ತು. 17ರಂದು ನಿಜಾಮರು ಶರಣಾದರು. ತಿಂಗಳುಗಟ್ಟಲೆ ಹೊರಡದಿದ್ದ ರಜಾಕಾರ ನಿಷೇಧದ ಆಜ್ಞೆ ಅಂದೇ ಹೊರಟಿತು. ದೂರನ್ನು ಅವರು 22ರಂದು ಹಿಂತೆಗೆದರೂ ಸಮಿತಿಯ ಪಟ್ಟಿಯಲ್ಲಿ ಅದು ಬಹುಕಾಲ ಉಳಿಯಿತು.